ಕಪ್ಪು-ಬಿಳುಪಿನ ಫಿಲ್ಮ್ ನ್ವಾರ್ ಚಿತ್ರಗಳನ್ನು ನೋಡುವ ಬಗೆ

ಹಾಲಿವುಡ್‌ನ ಹಳೆಯ ಕಪ್ಪು-ಬಿಳುಪಿನ ಅಪರಾಧ ಚಿತ್ರಗಳ ಹೊಗಳಿಕೆ ಕೇಳಿ, ಒಂದೆರಡನ್ನು ನೋಡಲು ಕುಳಿತು, ಅರ್ಧಕ್ಕೇ ಎದ್ದುಹೋದವರು ಬಹಳ ಮಂದಿ ಇದ್ದಾರೆ. ಅವರು ಕೊಡುವ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು: ಕೊಲೆಗಾರ ಯಾರೆಂಬುದು ಬೇಗನೆ ತಿಳಿದುಹೋಗುತ್ತದೆ, ಇಲ್ಲವೇ ಕಥೆ ಎಷ್ಟು ಗೋಜಲಾಗಿರುತ್ತದೆಯೆಂದರೆ ಅದು ತಿಳಿದರೂ ಪ್ರಯೋಜನವಾಗುವುದಿಲ್ಲ. ಎರಡು ದೂರುಗಳೂ ನಿಜವೇ. ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮಗೆ ಅಪರಾಧದ ಕಥೆಯೆಂದರೆ ಬಿಡಿಸಬೇಕಾದ ಒಗಟು. ಫಿಲ್ಮ್ ನ್ವಾರ್ (ಫ್ರೆಂಚ್‌ನಲ್ಲಿ 'ಕಪ್ಪು ಚಿತ್ರ') ಎಂಬ ಹೆಸರಿನ ಈ ಚಿತ್ರಗಳಿಗೆ ಒಗಟು ಹೆಚ್ಚಿನ ಸಲ ಒಂದು ನೆಪ ಮಾತ್ರ. ತಪ್ಪೆಂದು ಚೆನ್ನಾಗಿ ಗೊತ್ತಿದ್ದೂ ಒಬ್ಬ ಮನುಷ್ಯ ಮೊದಲ ಹೆಜ್ಜೆಯಿಡುವ ಗಳಿಗೆ, ಆ ಗಳಿಗೆಯಲ್ಲಿ ಅವನ ಮುಖದ ಮೇಲೆ ಬೀಳುವ ಅಥವಾ ಬೀಳದಿರುವ ಬೆಳಕು, ಆಮೇಲೆ ಅವನು ಎಷ್ಟೇ ಜಾಣತನ ತೋರಿಸಿದರೂ ದಾರಿ ಕಿರಿದಾಗುತ್ತ ಹೋಗುವ ರೀತಿ, ಇವುಗಳೇ ಅವುಗಳ ನಿಜವಾದ ವಸ್ತು. ಆದ್ದರಿಂದ 'ಯಾರು' ಎಂಬ ಪ್ರಶ್ನೆಯನ್ನು ಬದಿಗಿಟ್ಟು 'ಹೇಗೆ ಸಿಕ್ಕಿಕೊಂಡ' ಎಂಬ ಪ್ರಶ್ನೆಯೊಂದಿಗೆ ಕೂರುವುದು ಮೊದಲ ಸಿದ್ಧತೆ.

ಕಾಲದ ಗಡಿಯನ್ನು ಸ್ಥೂಲವಾಗಿ ತಿಳಿದಿದ್ದರೆ ಸಾಕು. ಜಾನ್ ಹ್ಯೂಸ್ಟನ್ 1941ರಲ್ಲಿ ನಿರ್ದೇಶಿಸಿದ 'ದಿ ಮಾಲ್ಟೀಸ್ ಫಾಲ್ಕನ್'ನಿಂದ ಆರ್ಸನ್ ವೆಲ್ಸ್‌ರ 1958ರ 'ಟಚ್ ಆಫ್ ಈವಿಲ್'ವರೆಗಿನ ಅವಧಿಯನ್ನು ಇದರ ಶಾಸ್ತ್ರೀಯ ಕಾಲವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಯುದ್ಧಕಾಲದಲ್ಲಿ ಫ್ರಾನ್ಸಿಗೆ ಬರಲಾಗದೆ ಉಳಿದಿದ್ದ ಅಮೆರಿಕನ್ ಚಿತ್ರಗಳು 1946ರಲ್ಲಿ ಪ್ಯಾರಿಸ್‌ನಲ್ಲಿ ಒಂದರ ಹಿಂದೊಂದು ತೆರೆಕಂಡಾಗ ಅಲ್ಲಿನ ವಿಮರ್ಶಕ ನಿನೊ ಫ್ರಾಂಕ್ ಅವುಗಳಲ್ಲಿ ಸಮಾನವಾದ ಒಂದು ಕತ್ತಲೆಯನ್ನು ಗುರುತಿಸಿ ಈ ಹೆಸರನ್ನು ಬಳಸಿದರು. ಚಿತ್ರಗಳನ್ನು ಮಾಡುತ್ತಿದ್ದವರ ಪಾಲಿಗೆ ಅವು ಥ್ರಿಲ್ಲರ್‌ಗಳೋ ಮೆಲೊಡ್ರಾಮಾಗಳೋ ಆಗಿದ್ದವು. ಅಂಥದೊಂದು ಪ್ರಕಾರವನ್ನು ಕಟ್ಟುತ್ತಿದ್ದೇವೆಂಬ ಪ್ರಜ್ಞೆ ಅವರಿಗೆ ಇರಲಿಲ್ಲ.

ಮೊದಲ ಚಿತ್ರದ ಆಯ್ಕೆಯಲ್ಲಿ ಎಚ್ಚರ ಬೇಕು. ಹೆಸರಿನ ಬಲದ ಮೇಲೆ ಹಲವರು ಹಂಫ್ರಿ ಬೊಗಾರ್ಟ್ ಮತ್ತು ಲಾರೆನ್ ಬಕಾಲ್ ನಟಿಸಿದ 'ದಿ ಬಿಗ್ ಸ್ಲೀಪ್'ನಿಂದ (1946) ಆರಂಭಿಸುತ್ತಾರೆ, ಮತ್ತು ಅಲ್ಲಿಗೇ ನಿಲ್ಲುತ್ತಾರೆ. ಆ ಕಥೆಯಲ್ಲಿ ಸಾಯುವ ಕಾರು ಚಾಲಕನನ್ನು ಕೊಂದವರು ಯಾರೆಂದು ಮೂಲ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ರನ್ನೇ ಕೇಳಿದಾಗ ತನಗೂ ತಿಳಿಯದೆಂದು ಅವರು ಉತ್ತರಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಅದು ಐದನೆಯದೋ ಆರನೆಯದೋ ಚಿತ್ರವಾಗಿ ನೋಡಿದರೆ ರುಚಿಸುವಂಥದು. ನನ್ನ ಅಭಿಪ್ರಾಯದಲ್ಲಿ ಆರಂಭಕ್ಕೆ ಬಿಲ್ಲಿ ವೈಲ್ಡರ್‌ರ 'ಡಬಲ್ ಇಂಡೆಮ್ನಿಟಿ'ಯನ್ನು (1944) ಬಿಟ್ಟು ಬೇರೆ ಹುಡುಕಬೇಕಾಗಿಲ್ಲ. ಅದರ ಕಥೆ ಗೆರೆ ಎಳೆದಂತೆ ನೇರವಾಗಿದೆ. ಇಡೀ ಪ್ರಕಾರದ ಲಕ್ಷಣಗಳೆಲ್ಲ ಅದೊಂದರಲ್ಲೇ ಸಿಗುತ್ತವೆ.

ನೋಡುವ ಮೊದಲು ಪರದೆಯನ್ನು ಸರಿಪಡಿಸಿಕೊಳ್ಳಬೇಕು. ಈ ಮಾತು ಕ್ಷುಲ್ಲಕವೆನಿಸಬಹುದು, ಆದರೆ ಬಣ್ಣವಿಲ್ಲದ ಚಿತ್ರದಲ್ಲಿ ಕಪ್ಪಿನ ಹಲವು ಪದರಗಳೇ ಎಲ್ಲವನ್ನೂ ಹೇಳಬೇಕಾಗಿರುವುದರಿಂದ ಹಗಲಿನಲ್ಲಿ ಕಿಟಕಿ ತೆರೆದಿಟ್ಟು ಮೊಬೈಲ್ ಫೋನಿನಲ್ಲಿ ನೋಡಿದವರು ಚಿತ್ರದ ಅರ್ಧವನ್ನು ನೋಡಿರುವುದೇ ಇಲ್ಲ. ರಾತ್ರಿ ಕೋಣೆಯ ದೀಪಗಳನ್ನು ಆರಿಸಿ. ಟಿವಿಯನ್ನು ಕಣ್ಣು ಕುಕ್ಕುವ 'ವಿವಿಡ್' ಮೋಡ್‌ನಿಂದ 'ಸಿನಿಮಾ' ಅಥವಾ 'ಮೂವಿ' ಮೋಡ್‌ಗೆ ಬದಲಿಸಿ. ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿ. ಆ ಕಾಲದ ಹೆಚ್ಚಿನ ಚಿತ್ರಗಳ ಚೌಕಟ್ಟು ಸುಮಾರು ನಾಲ್ಕಕ್ಕೆ ಮೂರರ ಅಳತೆಯದು, ಆದ್ದರಿಂದ ಪರದೆಯ ಎರಡೂ ಬದಿಗಳಲ್ಲಿ ಕಪ್ಪು ಪಟ್ಟಿಗಳು ಉಳಿಯುವುದು ಸರಿಯಾದದ್ದೇ. ಅವನ್ನು ತುಂಬಿಸಲು ಚಿತ್ರವನ್ನು ಹಿಗ್ಗಿಸಿದರೆ ಮುಖಗಳೂ ಹಿಗ್ಗುತ್ತವೆ. ಬಣ್ಣ ಹಚ್ಚಿದ ಪ್ರತಿಗಳನ್ನು ಮುಟ್ಟಬೇಡಿ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಸಬ್‌ಟೈಟಲ್ ಹಾಕಿಕೊಳ್ಳುವುದು ಮೇಲು, ಏಕೆಂದರೆ ಇಲ್ಲಿನ ಪಾತ್ರಗಳು ಅತಿ ವೇಗವಾಗಿ, ಆ ಕಾಲದ ಬೀದಿಯ ನುಡಿಗಟ್ಟಿನಲ್ಲಿ, ತುಟಿಯಲ್ಲಿ ಸಿಗರೇಟು ಇಟ್ಟುಕೊಂಡೇ ಮಾತನಾಡುತ್ತವೆ.

ಈಗ ಚಿತ್ರಕ್ಕೆ ಬರೋಣ. ಲಾಸ್ ಏಂಜಲೀಸ್‌ನ ರಾತ್ರಿಯ ಬೀದಿಯಲ್ಲಿ ಕಾರೊಂದು ಅಡ್ಡಾದಿಡ್ಡಿ ಓಡಿಬರುತ್ತದೆ. ಅದರಿಂದ ಇಳಿದ ಗಾಯಗೊಂಡ ವಿಮಾ ಏಜೆಂಟ್ ವಾಲ್ಟರ್ ನೆಫ್ ತನ್ನ ಕಚೇರಿಗೆ ಹೋಗಿ, ಮಾತನ್ನು ಮುದ್ರಿಸಿಕೊಳ್ಳುವ ಡಿಕ್ಟಾಫೋನಿನ ಮುಂದೆ ಕುಳಿತು, ತಾನೇ ಕೊಲೆಗಾರನೆಂದೂ, ಹಣಕ್ಕಾಗಿ ಮತ್ತು ಒಬ್ಬಳು ಹೆಂಗಸಿಗಾಗಿ ಕೊಂದೆನೆಂದೂ, ಎರಡೂ ತನಗೆ ದಕ್ಕಲಿಲ್ಲವೆಂದೂ ಹೇಳಿಬಿಡುತ್ತಾನೆ. ಮೊದಲ ಕೆಲವೇ ನಿಮಿಷಗಳಲ್ಲಿ ಕೊಲೆಗಾರ, ಕಾರಣ, ಸೋಲು ಮೂರೂ ಬಯಲಾದವು. ಇನ್ನು ಉಳಿದಿರುವ ಸುಮಾರು ನೂರು ನಿಮಿಷಗಳಲ್ಲಿ ನೋಡುವುದೇನು ಎಂದು ಕೇಳಿಕೊಂಡರೆ ನೀವು ಸರಿಯಾದ ಜಾಗಕ್ಕೆ ಬಂದಿದ್ದೀರಿ ಎಂದರ್ಥ. ಫ್ಲ್ಯಾಶ್‌ಬ್ಯಾಕಿನಲ್ಲಿ ನಗುನಗುತ್ತ, ಚಟಾಕಿ ಹಾರಿಸುತ್ತ ಆ ಹೆಂಗಸಿನ ಮನೆಯ ಬಾಗಿಲು ತಟ್ಟುವ ನೆಫ್‌ಗೆ ತಿಳಿಯದ್ದು ನಮಗೆ ತಿಳಿದಿದೆ, ಮತ್ತು ಹಿನ್ನೆಲೆಯಲ್ಲಿ ಮಾತನಾಡುತ್ತಿರುವ ಅವನದೇ ದಣಿದ ಧ್ವನಿಗೂ ತಿಳಿದಿದೆ. ಒಬ್ಬನೇ ಮನುಷ್ಯನ ಈ ಎರಡು ಧ್ವನಿಗಳ ನಡುವಿನ ಅಂತರವನ್ನು ಕಿವಿಗೊಟ್ಟು ಕೇಳಬೇಕು. ಮುಂದೆ ನೀವು ನೋಡುವ ಹತ್ತಾರು ನ್ವಾರ್ ಚಿತ್ರಗಳಲ್ಲಿ ಇದೇ ತಂತ್ರ ಎದುರಾಗುತ್ತದೆ, ಆದರೆ ಇಷ್ಟು ಹದವಾಗಿ ವಿರಳ.

ಬೆಳಕಿನ ವಿಚಾರಕ್ಕೆ ಹೆಚ್ಚು ಸಮಯ ಕೊಡಬೇಕು. ಆ ಕಾಲದ ಸ್ಟುಡಿಯೊಗಳಲ್ಲಿ ಒಂದು ಮುಖವನ್ನು ಬೆಳಗಿಸಲು ಸಾಮಾನ್ಯವಾಗಿ ಮೂರು ದೀಪಗಳ ಏರ್ಪಾಟು ಇರುತ್ತಿತ್ತು: ಮುಖ್ಯ ಬೆಳಕನ್ನು ಕೊಡುವ ಕೀ ಲೈಟ್, ಅದು ಉಂಟುಮಾಡುವ ನೆರಳನ್ನು ತಿಳಿಗೊಳಿಸುವ ಫಿಲ್ ಲೈಟ್, ಮತ್ತು ಹಿನ್ನೆಲೆಯಿಂದ ವ್ಯಕ್ತಿಯನ್ನು ಬೇರ್ಪಡಿಸಿ ತೋರಿಸುವ ಬ್ಯಾಕ್ ಲೈಟ್. ನ್ವಾರ್ ಛಾಯಾಗ್ರಾಹಕರು ಮಾಡಿದ ಮುಖ್ಯ ಕೆಲಸವೆಂದರೆ ಎರಡನೆಯ ದೀಪವನ್ನು ತಗ್ಗಿಸಿದ್ದು, ಕೆಲವು ಸಲ ತೆಗೆದೇ ಹಾಕಿದ್ದು. ಕೂಡಲೇ ಮುಖದ ಒಂದು ಪಾರ್ಶ್ವ ಕತ್ತಲಲ್ಲಿ ಮುಳುಗುತ್ತದೆ, ಗೋಡೆಯ ಮೇಲಿನ ನೆರಳು ಮನುಷ್ಯನಿಗಿಂತ ದೊಡ್ಡದಾಗುತ್ತದೆ. 'ಡಬಲ್ ಇಂಡೆಮ್ನಿಟಿ'ಯ ಛಾಯಾಗ್ರಾಹಕ ಜಾನ್ ಸೈಟ್ಸ್ ಇದನ್ನು ಒಂದು ಮಧ್ಯಾಹ್ನದ ದೃಶ್ಯದಲ್ಲಿ ಹೇಗೆ ಸಾಧಿಸಿದ್ದಾರೆ ಗಮನಿಸಿ. ಹೊರಗೆ ಕ್ಯಾಲಿಫೋರ್ನಿಯಾದ ಬಿಸಿಲು ಸುಡುತ್ತಿದೆ. ನೆಫ್ ಮೊದಲ ಬಾರಿಗೆ ಕಾಲಿಡುವ ಆ ಮನೆಯ ಹಾಲಿನಲ್ಲಿ ಮಾತ್ರ ಅಡ್ಡಪಟ್ಟಿಗಳ ವೆನಿಷಿಯನ್ ಬ್ಲೈಂಡ್‌ಗಳನ್ನು ದಾಟಿ ಬರುವ ಬೆಳಕು ಗೆರೆಗೆರೆಯಾಗಿ ಗೋಡೆಯ ಮೇಲೂ ಅವನ ಅಂಗಿಯ ಮೇಲೂ ಬೀಳುತ್ತದೆ, ಗಾಳಿಯಲ್ಲಿ ಧೂಳು ತೇಲುತ್ತದೆ. ಆ ಧೂಳು ಕ್ಯಾಮೆರಾದ ಕಣ್ಣಿಗೆ ಕಾಣಲೆಂದು ಸೈಟ್ಸ್ ಅಲ್ಯುಮಿನಿಯಂ ಪುಡಿಯನ್ನು ಗಾಳಿಗೆ ಊದಿಸಿದ್ದರು. ಜೈಲಿನ ಸರಳುಗಳಂಥ ಆ ಗೆರೆಗಳು ಯಾವ ಅಪರಾಧವೂ ನಡೆಯದ ಹೊತ್ತಿನಲ್ಲೇ ಅವನ ಮೈಮೇಲೆ ಬಿದ್ದಿವೆ.

ಇದನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳಲು ಸುಲಭವಾದ ಅಭ್ಯಾಸವೊಂದಿದೆ. ಚಿತ್ರವನ್ನು ಒಮ್ಮೆ ಪೂರ್ತಿಯಾಗಿ, ಎಲ್ಲಿಯೂ ನಿಲ್ಲಿಸದೆ ನೋಡಿ ಮುಗಿಸಿದ ಮೇಲೆ, ಇನ್ನೊಂದು ದಿನ ಅದರ ಮೊದಲ ಇಪ್ಪತ್ತು ನಿಮಿಷಗಳನ್ನು ಧ್ವನಿಯನ್ನು ಪೂರ್ತಿ ನಿಲ್ಲಿಸಿ ನೋಡಿ. ಇಷ್ಟವಾದ ಚೌಕಟ್ಟಿನಲ್ಲಿ ತಡೆದು, ದೀಪ ಎಲ್ಲಿ ಇದ್ದಿರಬಹುದು, ಎಷ್ಟು ಎತ್ತರದಲ್ಲಿದೆ, ಅದು ಕಥೆಯೊಳಗಿನ ದೀಪವೋ (ಮೇಜಿನ ಲ್ಯಾಂಪ್, ಬೀದಿದೀಪ, ಕಿಟಕಿ) ಅಥವಾ ಎಲ್ಲಿಂದಲೋ ಬರುತ್ತಿರುವುದೋ ಎಂದು ಕೇಳಿಕೊಳ್ಳಿ. ಮಾತು ಕೇಳಿಸದಿದ್ದಾಗ ಯಾರು ಯಾರ ಮೇಲೆ ಹಿಡಿತ ಸಾಧಿಸುತ್ತಿದ್ದಾರೆ ಎಂಬುದು ನಿಂತವರ ಎತ್ತರದಿಂದ, ಕ್ಯಾಮೆರಾದ ಕೋನದಿಂದ, ಮೆಟ್ಟಿಲಿನ ಮೇಲೆ ಇರುವವರು ಯಾರು ಎಂಬುದರಿಂದಲೇ ತಿಳಿಯತೊಡಗುತ್ತದೆ. ಬಾರ್ಬರಾ ಸ್ಟಾನ್‌ವಿಕ್ ನಟಿಸಿದ ಆ ಹೆಂಗಸಿನ ಪಾತ್ರ ಮೊದಲು ಕಾಣಿಸಿಕೊಳ್ಳುವುದು ಮಹಡಿಯ ಮೇಲೆ, ನೆಫ್ ಕೆಳಗಿನಿಂದ ತಲೆಯೆತ್ತಿ ನೋಡುವಂತೆ. ಇನ್ನೊಂದು ಸಣ್ಣ ವಿಷಯದ ಮೇಲೂ ಕಣ್ಣಿಡಿ: ಎಡ್ವರ್ಡ್ ಜಿ. ರಾಬಿನ್ಸನ್ ನಟಿಸಿದ ಹಿರಿಯ ಸಹೋದ್ಯೋಗಿ ಕೀಸ್‌ಗೆ ತನ್ನ ಚುಟ್ಟಾ ಹೊತ್ತಿಸಲು ಎಂದೂ ಬೆಂಕಿಕಡ್ಡಿ ಸಿಗುವುದಿಲ್ಲ. ಪ್ರತಿ ಸಲವೂ ನೆಫ್ ಉಗುರಿನಿಂದ ಕಡ್ಡಿ ಗೀರಿ ಕೊಡುತ್ತಾನೆ. ಕಡ್ಡಿ ಗೀರುವವರು ಯಾರು ಎಂಬುದನ್ನು ಕೊನೆಯವರೆಗೆ ಲೆಕ್ಕವಿಟ್ಟರೆ ಈ ಚಿತ್ರದ ನಿಜವಾದ ಸ್ನೇಹ ಯಾವುದೆಂದು ತಿಳಿಯುತ್ತದೆ.

ಕಥೆಯ ನಿಯಮಗಳಿಗಿಂತ ಹೊರಗಿನ ನಿಯಮವೊಂದನ್ನು ತಿಳಿದುಕೊಳ್ಳದೆ ಈ ಚಿತ್ರಗಳ ರೂಪ ಪೂರ್ತಿ ಅರ್ಥವಾಗುವುದಿಲ್ಲ. ಹಾಲಿವುಡ್ ಸ್ಟುಡಿಯೊಗಳು 1930ರಲ್ಲಿ ಒಪ್ಪಿಕೊಂಡ, 1934ರಿಂದ ಜೋಸೆಫ್ ಬ್ರೀನ್‌ರ ಕಚೇರಿ ಕಟ್ಟುನಿಟ್ಟಾಗಿ ಜಾರಿಗೊಳಿಸಿದ ಪ್ರೊಡಕ್ಷನ್ ಕೋಡ್ ಎಂಬ ಸ್ವಯಂ ನಿಯಂತ್ರಣದ ಪ್ರಕಾರ, ಅಪರಾಧಿಯ ಬಗ್ಗೆ ನೋಡುಗರಿಗೆ ಸಹಾನುಭೂತಿ ಹುಟ್ಟಬಾರದಿತ್ತು, ಕೊಲೆಯನ್ನು ವಿವರವಾಗಿ ತೋರಿಸುವಂತಿರಲಿಲ್ಲ, ವ್ಯಭಿಚಾರವನ್ನು ಆಕರ್ಷಕಗೊಳಿಸುವಂತಿರಲಿಲ್ಲ, ತಪ್ಪು ಮಾಡಿದವರಿಗೆ ಶಿಕ್ಷೆಯಾಗದೆ ಚಿತ್ರ ಮುಗಿಯುವಂತಿರಲಿಲ್ಲ. ಜೇಮ್ಸ್ ಎಂ. ಕೇನ್ ಬರೆದ 'ಡಬಲ್ ಇಂಡೆಮ್ನಿಟಿ'ಯ ಮೂಲ ಕಥೆಯನ್ನು 1930ರ ದಶಕದಲ್ಲೇ ತೆರೆಗೆ ತರಲು ಸ್ಟುಡಿಯೊಗಳು ಬಯಸಿದ್ದರೂ ಇದೇ ಕಚೇರಿ ತಡೆದಿತ್ತು. ಆದರೆ ಈ ಕಟ್ಟುಪಾಡು ಶೈಲಿಗೆ ಏನು ಮಾಡಿತು ನೋಡಿ. ಆ ಹೆಂಗಸಿನ ಗಂಡನ ಕೊಲೆ ನಡೆಯುವುದು ಓಡುತ್ತಿದ್ದ ಕಾರಿನೊಳಗೆ, ತೋರಿಸುವಂತಿಲ್ಲ. ವೈಲ್ಡರ್ ಕ್ಯಾಮೆರಾವನ್ನು ಸ್ಟೀರಿಂಗ್ ಹಿಡಿದ ಹೆಂಡತಿಯ ಮುಖದ ಮೇಲೆ ನಿಲ್ಲಿಸಿಬಿಡುತ್ತಾರೆ. ಪಕ್ಕದ ಸೀಟಿನಲ್ಲಿ ಅವಳ ಗಂಡನ ಕುತ್ತಿಗೆ ಮುರಿಯುತ್ತಿರುವಾಗ ಅವಳು ರಸ್ತೆಯನ್ನೇ ನೋಡುತ್ತಿರುತ್ತಾಳೆ, ಆ ಮುಖದಲ್ಲಿ ಬರುವ ಸಣ್ಣ ತೃಪ್ತಿ ಯಾವ ರಕ್ತಪಾತಕ್ಕಿಂತಲೂ ಭೀಕರವಾಗಿದೆ. ಶಿಕ್ಷೆಯ ನಿಯಮವೂ ಹಾಗೆಯೇ ಕೆಲಸಕ್ಕೆ ಬಂತು: ಅಂತ್ಯ ಮೊದಲೇ ನಿಶ್ಚಿತವಾಗಿದ್ದರಿಂದ ಇಡೀ ಚಿತ್ರಕ್ಕೆ ತಪ್ಪಿಸಿಕೊಳ್ಳಲಾಗದ ವಿಧಿಯ ಛಾಯೆ ಬಂತು. ನೆಫ್‌ನನ್ನು ಗ್ಯಾಸ್ ಚೇಂಬರಿಗೆ ಕಳಿಸುವ ದೃಶ್ಯವನ್ನು ವೈಲ್ಡರ್ ಚಿತ್ರೀಕರಿಸಿಯೂ ಇದ್ದರು. ಇಬ್ಬರು ಗೆಳೆಯರ ನಡುವಿನ ಕೊನೆಯ ಮಾತುಗಳೇ ಸಾಕೆನಿಸಿ ಅದನ್ನು ಕೈಬಿಟ್ಟರು. ಸೆನ್ಸಾರ್ ಕಲೆಗೆ ಒಳ್ಳೆಯದೆಂದು ಇದರಿಂದ ಯಾರೂ ತೀರ್ಮಾನಿಸಬಾರದು, ಅದೇ ಕೋಡ್ ಹಾಳುಮಾಡಿದ ಚಿತ್ರಗಳಿಗೂ ಕೊರತೆಯಿಲ್ಲ.

ಗಂಡಸನ್ನು ಬಲೆಗೆ ಬೀಳಿಸುವ ಸುಂದರಿಯ ಪಾತ್ರದ ಬಗ್ಗೆ ಇಂದಿನ ನೋಡುಗರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅಸಮಾಧಾನ ಆಗುವುದು ಸಹಜ. ಕಥೆಯನ್ನು ಹೇಳುತ್ತಿರುವವನು ಹೆಚ್ಚಿನ ಸಲ ಸೋತ ಗಂಡಸು, ಅವನು ತನ್ನ ತಪ್ಪಿನ ಭಾರವನ್ನು ಅವಳ ಮೇಲೆ ಹೊರಿಸುತ್ತಿದ್ದಾನೆ ಎಂಬುದನ್ನು ಮನಸ್ಸಿನಲ್ಲಿಟ್ಟು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ನೆಫ್ ಸ್ವತಃ ಒಪ್ಪಿಕೊಳ್ಳುವಂತೆ, ಕಂಪನಿಗೆ ಮೋಸ ಮಾಡುವ ಉಪಾಯ ಅವಳನ್ನು ಕಾಣುವ ಮುಂಚಿನಿಂದಲೇ ಅವನ ತಲೆಯಲ್ಲಿತ್ತು. ಅವಳ ಗಂಡನ ಹೆಸರಿನ 50,000 ಡಾಲರಿನ ಪಾಲಿಸಿ ಅವನು ರೈಲಿನ ಅಪಘಾತದಲ್ಲಿ ಸತ್ತರೆ ದುಪ್ಪಟ್ಟಾಗುತ್ತದೆಂಬ ಲೆಕ್ಕವೂ ಅವನದೇ. ಈ ದೃಷ್ಟಿಯಿಂದ ಎರಡನೆಯ ಚಿತ್ರವಾಗಿ ನಿಕೊಲಸ್ ರೇ ಅವರ 'ಇನ್ ಎ ಲೋನ್ಲಿ ಪ್ಲೇಸ್' (1950) ನೋಡಬೇಕು. ಬೊಗಾರ್ಟ್ ಇಲ್ಲಿ ಕೊಲೆಯ ಆರೋಪದ ನೆರಳಿನಲ್ಲಿರುವ ಚಿತ್ರಕಥೆಗಾರ; ಪಕ್ಕದ ಮನೆಯ ಗ್ಲೋರಿಯಾ ಗ್ರಹಾಂ ಅವನನ್ನು ಪ್ರೀತಿಸುತ್ತಾಳೆ. ಅವನು ಕೊಂದನೋ ಇಲ್ಲವೋ ಎಂಬುದಕ್ಕಿಂತ, ಇಂಥ ಸಿಟ್ಟಿನ ಮನುಷ್ಯನೊಡನೆ ಬದುಕಲು ಸಾಧ್ಯವೇ ಎಂಬ ಅವಳ ಭಯ ದೊಡ್ಡದಾಗುತ್ತ ಹೋಗುತ್ತದೆ. ಒಗಟು ನೆಪ ಮಾತ್ರ ಎಂದು ಮೊದಲು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ. ನಟಿ ಇಡಾ ಲುಪಿನೊ ನಿರ್ದೇಶಿಸಿದ 'ದಿ ಹಿಚ್-ಹೈಕರ್' (1953) ಕೂಡ ಇದೇ ಹೊತ್ತಿನಲ್ಲಿ ನೋಡಬಹುದಾದ ಚಿತ್ರ. ಅದರಲ್ಲಿ ಮೋಹಿನಿಯೇ ಇಲ್ಲ, ಇರುವುದು ಒಂದು ಕಾರು, ಒಬ್ಬ ಕೊಲೆಗಡುಕ ಮತ್ತು ಮೀನು ಹಿಡಿಯಲು ಹೊರಟು ಅವನ ಕೈಗೆ ಸಿಕ್ಕ ಇಬ್ಬರು ಗೆಳೆಯರು.

ಈ ನೆರಳುಗಳು ಎಲ್ಲಿಂದ ಬಂದವು ಎಂಬ ಕುತೂಹಲ ಇಷ್ಟರಲ್ಲಿ ಹುಟ್ಟಿರುತ್ತದೆ. ಯುದ್ಧಪೂರ್ವ ಜರ್ಮನಿಯ ಸ್ಟುಡಿಯೊಗಳಲ್ಲಿ ಪಳಗಿ, ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟವರಲ್ಲಿ ಫ್ರಿಟ್ಸ್ ಲ್ಯಾಂಗ್, ರಾಬರ್ಟ್ ಸಿಯೊಡ್ಮಾಕ್, ವೈಲ್ಡರ್ ಮುಖ್ಯರು. ಇವರಲ್ಲಿ ಸಿಯೊಡ್ಮಾಕ್ ಮತ್ತು ವೈಲ್ಡರ್ ಯುವಕರಾಗಿದ್ದಾಗ ಎಡ್ಗರ್ ಉಲ್ಮರ್ ಜೊತೆ ಸೇರಿ 1930ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಚಿತ್ರ ಬಿಸಿಲಿನ ಭಾನುವಾರವೊಂದರಲ್ಲಿ ಸರೋವರದ ದಡಕ್ಕೆ ಹೋಗುವ ಯುವಜನರ ಕುರಿತದ್ದು ಎಂಬುದು ಸೋಜಿಗ. ಛಾಯಾಗ್ರಾಹಕರಲ್ಲೂ ವಲಸಿಗರು ಬಹಳ. ಇಟಲಿಯಲ್ಲಿ ಹುಟ್ಟಿದ ನಿಕೊಲಸ್ ಮುಸುರಾಕಾ ಆರ್‌ಕೆಓ ಸ್ಟುಡಿಯೊದಲ್ಲಿದ್ದರು. ಹಂಗೇರಿ ಮೂಲದ ಜಾನ್ ಆಲ್ಟನ್ 1949ರಲ್ಲಿ ಬೆಳಕಿನ ಕುರಿತು ಪುಸ್ತಕವನ್ನೇ ಬರೆದರು. ಅಷ್ಟು ಕತ್ತಲೆಯನ್ನು ಸೃಷ್ಟಿಸಿದ ಅವರಿಗೆ ಆಸ್ಕರ್ ದೊರೆತದ್ದು ಮಾತ್ರ ಒಂದು ಬಣ್ಣದ ಸಂಗೀತ ಚಿತ್ರದ ನೃತ್ಯಭಾಗಕ್ಕೆ.

ಮುಂದಿನ ಆಯ್ಕೆಗಳಲ್ಲಿ ದುಡ್ಡಿದ್ದ ಚಿತ್ರವನ್ನೂ ದುಡ್ಡಿಲ್ಲದ ಚಿತ್ರವನ್ನೂ ಒಂದರ ಬೆನ್ನಿಗೊಂದು ನೋಡುವುದು ಒಳ್ಳೆಯದು. ಜಾಕ್ ಟೂರ್ನರ್ ನಿರ್ದೇಶನಕ್ಕೆ ಮುಸುರಾಕಾ ಛಾಯಾಗ್ರಹಣವಿರುವ 'ಔಟ್ ಆಫ್ ದಿ ಪಾಸ್ಟ್' (1947) ಈ ಪ್ರಕಾರದ ಅತ್ಯಂತ ಸುಂದರ ಚಿತ್ರವೆಂದು ನನ್ನ ಎಣಿಕೆ. ಸಣ್ಣ ಊರಿನಲ್ಲಿ ಪೆಟ್ರೋಲ್ ಬಂಕ್ ಇಟ್ಟುಕೊಂಡು ನೆಮ್ಮದಿಯಾಗಿದ್ದ ರಾಬರ್ಟ್ ಮಿಚಮ್‌ನನ್ನು ಹಿಂದಿನ ಬದುಕು ಹುಡುಕಿಕೊಂಡು ಬರುತ್ತದೆ. ಬೆಟ್ಟ, ಸರೋವರ, ಹಗಲು ಬೆಳಕು ಧಾರಾಳವಾಗಿರುವ ಈ ಚಿತ್ರ ನ್ವಾರ್ ಎಂದರೆ ಮಳೆಯಲ್ಲಿ ನೆನೆದ ರಾತ್ರಿಯ ಬೀದಿ ಮಾತ್ರವೆಂಬ ಕಲ್ಪನೆಯನ್ನು ಸರಿಪಡಿಸುತ್ತದೆ. ಅದರ ಮಗ್ಗುಲಿಗೆ ಉಲ್ಮರ್‌ರ 'ಡಿಟೂರ್' (1945) ಇಡಿ. ಒಂದು ಗಂಟೆ ಎಂಟು ನಿಮಿಷದ ಈ ಚಿತ್ರ ಬಡ ಸ್ಟುಡಿಯೊವೊಂದರಲ್ಲಿ ತಯಾರಾಯಿತು. ನ್ಯೂಯಾರ್ಕಿನ ಬೀದಿಯ ಸೆಟ್ ಹಾಕಲು ಹಣವಿಲ್ಲದೆ ಮಂಜು ತುಂಬಿಸಿ ಒಂದೆರಡು ಬೀದಿದೀಪಗಳಿಂದ ಕೆಲಸ ಮುಗಿಸಿದ್ದಾರೆ. ನಾಯಕ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ತೆರೆಯ ಬಲದಿಂದ ಎಡಕ್ಕೆ, ಹೋಗುತ್ತಿರುವಂತೆ ಕಾಣಲು ಕೆಲವು ಶಾಟ್‌ಗಳನ್ನು ತಿರುಗುಮುರುಗಾಗಿಸಿದ್ದರಿಂದ ಅಮೆರಿಕದ ಕಾರುಗಳು ರಸ್ತೆಯ ಎಡಬದಿಯಲ್ಲಿ, ಬಲಗಡೆ ಸ್ಟೀರಿಂಗ್ ಇಟ್ಟುಕೊಂಡು ಓಡುತ್ತವೆ. ಅಮೆರಿಕನ್ನರ ಕಣ್ಣಿಗೆ ಕೂಡಲೇ ಚುಚ್ಚುವ ಈ ದೋಷ ನಮಗೆ ಸಹಜವಾಗಿಯೇ ಕಂಡು ಹಾದುಹೋಗುತ್ತದೆ. ಅಂತರ್ಜಾಲದಲ್ಲಿ ಇದರ ಸವೆದ ಪ್ರತಿಗಳು ಹೇರಳವಾಗಿವೆ. 2018ರಲ್ಲಿ ಪುನರುಜ್ಜೀವನಗೊಂಡ ಪ್ರತಿ ಸಿಕ್ಕರೆ ಅದನ್ನೇ ಆರಿಸಿ.

ಆಮೇಲೆ ಕ್ರಮದ ಹಂಗು ಬೇಕಿಲ್ಲ. ಜೋಸೆಫ್ ಎಚ್. ಲೂಯಿಸ್‌ರ 'ಗನ್ ಕ್ರೇಜಿ' (1950) ಚಿತ್ರದಲ್ಲಿ ಬ್ಯಾಂಕ್ ದರೋಡೆಯೊಂದನ್ನು ಕಾರಿನ ಹಿಂದಿನ ಸೀಟಿನಿಂದ, ನಿಜವಾದ ಬೀದಿಯಲ್ಲಿ, ಮೂರು ನಿಮಿಷಕ್ಕೂ ಹೆಚ್ಚಿನ ಒಂದೇ ಶಾಟ್‌ನಲ್ಲಿ ತೋರಿಸಲಾಗಿದೆ. ಕ್ಯಾಮೆರಾ ಬ್ಯಾಂಕಿನೊಳಗೆ ಕಾಲಿಡುವುದೇ ಇಲ್ಲ. ಅದೇ ಲೂಯಿಸ್, ಆಲ್ಟನ್ ಜೊತೆ ಮಾಡಿದ 'ದಿ ಬಿಗ್ ಕಾಂಬೊ'ದಲ್ಲಿ (1955) ಸಾಯಲಿರುವ ಒಬ್ಬನ ಶ್ರವಣ ಸಾಧನವನ್ನು ಕಿತ್ತುಕೊಂಡ ಕೂಡಲೇ ಚಿತ್ರದ ಧ್ವನಿಯೂ ನಿಲ್ಲುತ್ತದೆ, ಬಂದೂಕುಗಳು ಸದ್ದಿಲ್ಲದೆ ಉರಿಯುತ್ತವೆ. 'ಟಚ್ ಆಫ್ ಈವಿಲ್' ನೋಡುವಾಗ ಆವೃತ್ತಿಯನ್ನು ಪರಿಶೀಲಿಸಿ. ಸ್ಟುಡಿಯೊ ತನ್ನಿಷ್ಟದಂತೆ ಕತ್ತರಿಸಿದ್ದಕ್ಕೆ ವೆಲ್ಸ್ ಬರೆದ 58 ಪುಟಗಳ ಟಿಪ್ಪಣಿಯನ್ನು ಆಧರಿಸಿ 1998ರಲ್ಲಿ ವಾಲ್ಟರ್ ಮರ್ಚ್ ಮರುಸಂಕಲನ ಮಾಡಿದ ಆವೃತ್ತಿಯಲ್ಲಿ, ಟೈಟಲ್ ಕಾರ್ಡುಗಳ ಅಡಚಣೆಯಿಲ್ಲದೆ ಆ ಪ್ರಸಿದ್ಧ ಮೊದಲ ಶಾಟ್ ನೋಡಲು ಸಿಗುತ್ತದೆ.

ಕನ್ನಡಿಗರಿಗೆ ಇಲ್ಲಿಂದ ಮನೆಯ ಕಡೆಗೆ ಒಂದು ದಾರಿಯಿದೆ. 1950ರ ದಶಕದ ಮುಂಬಯಿ ಅಪರಾಧ ಚಿತ್ರಗಳಿಗೆ ಈ ಶೈಲಿಯನ್ನು ಒಗ್ಗಿಸಿದವರಲ್ಲಿ ಮುಖ್ಯರಾದ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರು ನಿರ್ದೇಶಿಸಿದ ಮೊದಲ ಚಿತ್ರ 'ಬಾಜಿ'ಯಲ್ಲಿ (1951) ಛಾಯಾಗ್ರಾಹಕ ವಿ. ರಾತ್ರಾ ಅವರ ಸಹಾಯಕರಾಗಿದ್ದ ಮೈಸೂರಿನ ವಿ.ಕೆ. ಮೂರ್ತಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತವರು. ಅವರ ಕೆಲಸ ಕಂಡು ಮೆಚ್ಚಿದ ಗುರುದತ್ ಮುಂದಿನ 'ಜಾಲ್'ನಿಂದ (1952) ಅವರನ್ನೇ ಛಾಯಾಗ್ರಾಹಕರನ್ನಾಗಿ ಇಟ್ಟುಕೊಂಡರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಾಗ ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾದರು. ಅಮೆರಿಕದ ಚಿತ್ರಗಳನ್ನು ನಾಲ್ಕೈದು ನೋಡಿದ ಮೇಲೆ ಗುರುದತ್ ನಿರ್ಮಿಸಿ ರಾಜ್ ಖೋಸ್ಲಾ ನಿರ್ದೇಶಿಸಿದ 'ಸಿ.ಐ.ಡಿ.' (1956) ಹಾಕಿಕೊಳ್ಳಿ, ಛಾಯಾಗ್ರಹಣ ಮೂರ್ತಿಯವರದು. ಹಾಡು, ಹಾಸ್ಯ, ಒಳ್ಳೆಯವನಾದ ಪೊಲೀಸ್ ಅಧಿಕಾರಿ ನಾಯಕ, ಇವೆಲ್ಲ ಇರುವುದರಿಂದ ನ್ವಾರ್‌ನ ವಿಧಿ ಇಲ್ಲಿ ಬಹಳಷ್ಟು ಸಡಿಲಗೊಂಡಿದೆ ಎಂಬುದು ನಿಜ. ಆದರೆ ಖಳನ ಮನೆಯಿಂದ ನಾಯಕ ತಪ್ಪಿಸಿಕೊಳ್ಳಲೆಂದು ವಹೀದಾ ರೆಹಮಾನ್ ಹಾಡುತ್ತ ಖಳನ ಕಣ್ಣನ್ನು ತನ್ನ ಮೇಲೆ ಹಿಡಿದಿಡುವ ದೃಶ್ಯ ಬಂದಾಗ, ಧ್ವನಿ ನಿಲ್ಲಿಸಿ ದೀಪ ಹುಡುಕುವ ಅಭ್ಯಾಸವನ್ನು ಒಮ್ಮೆ ಇಲ್ಲಿಯೂ ಮಾಡಿ ನೋಡಿ. ಮೋಹಿನಿಯ ಪಾತ್ರವನ್ನು ಬಿಡಿಸಲೂ ಬಿಗಿಯಲೂ ಹಾಡನ್ನು ಬಳಸುವ ಉಪಾಯ ಹಾಲಿವುಡ್‌ಗೆ ಇಷ್ಟು ಸಲೀಸಾಗಿ ದಕ್ಕಿರಲಿಲ್ಲ.